ಸೂರ್ಯ ದಿಗ್ಗಿಯಲ್ಲಿ, ನೆಪ್ಚೂನ್ ಕಾರವಾರದಲ್ಲಿ

1980ರ ಫೆಬ್ರವರಿ 16, ಶನಿವಾರ. ಮಾಘದ ಅಮಾವಾಸ್ಯೆ. ಶನಿವಾರದ ಅಮಾವಾಸ್ಯೆ ಎಂದರೇ ನಮ್ಮ ಕಡೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ; ಅದರ ಮೇಲೆ ಖಗ್ರಾಸ ಸೂರ್ಯಗ್ರಹಣ ಬೇರೆ. ಹಳಿಯಾಳದ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ ಮಧ್ಯಾಹ್ನ ಎರಡಕ್ಕೇ ಬಾಗಿಲುಗಳೆಲ್ಲ ಮುಚ್ಚಿದವು. ಆರನೇ ಇಯತ್ತೆಯಲ್ಲಿದ್ದ ನನ್ನನ್ನು ಅವ್ವ ಒಳಗೆ ಹಾಕಿಕೊಂಡು ಅಗಳಿ ಜಡಿದಳು. ನೀರಿನ ಕೊಡದ ಮೇಲೆ ಕರಿಕೆ, ಉಪ್ಪಿನಕಾಯಿ ಜಾಡಿಯ ಮೇಲೂ ಕರಿಕೆ. ನನ್ನ ತಲೆಯ ಮೇಲೊಂದು ಇಡುವುದಷ್ಟೇ ಬಾಕಿ.

ಮಾಡಲು ಏನೂ ಇಲ್ಲದೆ ನೆಲ ನೋಡುತ್ತ ಕೂತಿದ್ದೆ. ನಮ್ಮದು ಹಂಚಿನ ಮನೆ. ಸರಿದ ಹಂಚಿನ ಸಂದಿಯಿಂದ ದಿನಾ ಮಧ್ಯಾಹ್ನ ಸಗಣಿ ಸಾರಿಸಿದ ನೆಲದ ಮೇಲೆ ಬಿಸಿಲಿನ ಬಿಲ್ಲೆಗಳು ಬೀಳುತ್ತಿದ್ದವು, ರೂಪಾಯಿಗಿಂತ ತುಸು ದೊಡ್ಡವು, ದುಂಡಗೆ. ಅವತ್ತು ಅವು ದುಂಡಗಿರಲಿಲ್ಲ. ಮೊದಲು ಒಂದು ಕಡೆ ಯಾರೋ ಕಚ್ಚಿದ ರೊಟ್ಟಿಯ ಹಾಗಾದವು. ಆಮೇಲೆ ಅರ್ಧ. ಆಮೇಲೆ ಕುಡುಗೋಲು. ಮನೆಯಲ್ಲಿದ್ದ ಏಳೆಂಟು ಬಿಲ್ಲೆಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ ಏಳೆಂಟು ಕುಡುಗೋಲುಗಳು. ಮೂರೂಮುಕ್ಕಾಲರ ಸುಮಾರಿಗೆ ಅವು ದಾರದಷ್ಟು ಸಣ್ಣಗಾಗಿ, ಆರಿಹೋದವು. ಮನೆ ಕತ್ತಲಾಯಿತು. ಕೋಳಿಗಳು ಗೂಡು ಸೇರುವ ಸದ್ದು ಕೇಳಿತು. ಎರಡು ನಿಮಿಷದ ಆಸುಪಾಸಿನಲ್ಲಿ ದಾರಗಳು ಮತ್ತೆ ಹೊತ್ತಿಕೊಂಡವು, ಈ ಸಲ ಎದುರು ಅಂಚಿನಲ್ಲಿ.

ಹೊರಗೆ ಬಯಲಿನಲ್ಲಿ ನಿಂತಿದ್ದರೆ ನನಗೆ ಸೂರ್ಯನ ಕಿರೀಟ ಕಾಣುತ್ತಿತ್ತು, ಹಾಡುಹಗಲಲ್ಲಿ ಬೆಳ್ಳಿ ಚುಕ್ಕಿ ಕಾಣುತ್ತಿತ್ತು. ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ಕಾರವಾರ, ಅಂಕೋಲಾಗಳ ಕರಾವಳಿ ಹತ್ತಿ, ಘಟ್ಟವೇರಿ ಹುಬ್ಬಳ್ಳಿ, ರಾಯಚೂರಿನ ಕಡೆ ಓಡಿತ್ತು. ನಮ್ಮ ಸುತ್ತಲಿನ ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ನಾಲ್ಕೂ ಆ ನೆರಳಿನ ಪಟ್ಟಿಯೊಳಗಿದ್ದವು. ಭಾರತದ ಮುಖ್ಯ ಭೂಭಾಗದಲ್ಲಿ ಖಗ್ರಾಸ ಗ್ರಹಣ ಕಂಡದ್ದು ಹಲವು ದಶಕಗಳ ನಂತರ ಅದೇ ಮೊದಲು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ವೈನು ಬಪ್ಪು ಅವರ ಮುಂದಾಳುತನದಲ್ಲಿ ರಾಯಚೂರು ಜಿಲ್ಲೆಯ ಜವಳಗೆರೆಯವರೆಗೆ ದೂರದರ್ಶಕ ಹೊತ್ತು ಹೋಗಿದ್ದರು. ನಮ್ಮ ತಲೆಯ ಮೇಲೇ ಅದು ಪುಕ್ಕಟೆ ನಡೆದಿತ್ತು. ನಾವು ಅಗಳಿ ಹಾಕಿಕೊಂಡಿದ್ದೆವು. ಭೂಮಿಯ ಒಂದೇ ಜಾಗಕ್ಕೆ ಖಗ್ರಾಸ ಗ್ರಹಣ ಮತ್ತೆ ಬರಲು ಸರಾಸರಿ 375 ವರ್ಷ ಬೇಕು ಎಂಬುದನ್ನು ಮುಂದೆ ಓದಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ.

ಆದರೂ ಆ ನೆಲದ ಕುಡುಗೋಲುಗಳೇ ನನಗೆ ಖಗೋಳದ ಮೊದಲ ಪಾಠ. ಸಂದಿಯ ಆಕಾರ ಏನೇ ಇರಲಿ, ಅದು ಸಣ್ಣದಾಗಿದ್ದರೆ ನೆಲದ ಮೇಲೆ ಬೀಳುವುದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಅಂದರೆ ದಿನಾ ಬೀಳುತ್ತಿದ್ದ ದುಂಡು ಬಿಲ್ಲೆಗಳೂ ಸೂರ್ಯನ ಚಿತ್ರಗಳೇ ಆಗಿದ್ದವು. ನಾವು ಅವನ್ನು ತುಳಿದುಕೊಂಡು ಓಡಾಡುತ್ತಿದ್ದೆವು.

ಖಗೋಳದ ಪದಗಳ ಕತೆಯೂ ಹೀಗೇ. ಅವು ಹೊಸದಾಗಿ ಕಲಿಯಬೇಕಾದವಲ್ಲ. ಪಂಚಾಂಗದಲ್ಲಿ, ಹೊಲದಲ್ಲಿ, ವಾರದ ಹೆಸರಿನಲ್ಲಿ ದಿನಾ ನಮ್ಮ ಬಾಯಲ್ಲಿವೆ. ತೊಡಕು ಇರುವುದು ಬೇರೆ ಕಡೆ. ಒಂದೇ ಪದಕ್ಕೆ ಎರಡು ಖಾತೆ ಪುಸ್ತಕಗಳಿವೆ, ಪಂಚಾಂಗದ್ದೊಂದು, ವಿಜ್ಞಾನದ್ದೊಂದು. ಎರಡರ ಲೆಕ್ಕ ಬೆರೆತಲ್ಲಿ ತಲೆ ಕೆಡುತ್ತದೆ. ಕನ್ನಡದಲ್ಲಿ ಆಕಾಶದ ಬಗ್ಗೆ ಬರೆದ ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್ ಮುಂತಾದ ಹಿರಿಯರು ಹಳೆಯ ಪದಗಳನ್ನು ಬಿಸಾಡಲಿಲ್ಲ, ತೊಳೆದು ಬಳಸಿದರು. ಅದು ಸರಿಯಾದ ದಾರಿಯೆಂದೇ ನನ್ನ ಎಣಿಕೆ. ತೊಳೆಯುವ ಕೆಲಸ ಮಾತ್ರ ಪ್ರತಿ ತಲೆಮಾರೂ ಮಾಡಬೇಕು.

‘ಗ್ರಹ’ವನ್ನೇ ನೋಡಿ. ಹಿಡಿಯುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಗ್ರಹಣ, ಆಗ್ರಹ, ಸಂಗ್ರಹ ಎಲ್ಲ ಒಂದೇ ಬಳಗ. ಪಂಚಾಂಗದ ನವಗ್ರಹಗಳಲ್ಲಿ ಸೂರ್ಯನಿದ್ದಾನೆ, ಚಂದ್ರನಿದ್ದಾನೆ, ಕಣ್ಣಿಗೇ ಕಾಣದ ರಾಹು ಕೇತುಗಳೂ ಇದ್ದಾರೆ. ಕಾಲಡಿಯ ಭೂಮಿ ಮಾತ್ರ ಇಲ್ಲ. ಇದನ್ನು ಮೂಢತನ ಎನ್ನುವ ಅವಸರ ಬೇಡ. ನೆಲದ ಮೇಲೆ ನಿಂತು ನೋಡಿದವರಿಗೆ, ಜಾಗ ಬಿಡದ ಚುಕ್ಕಿಗಳ ನಡುವೆ ಜಾಗ ಬದಲಿಸುವವೆಲ್ಲ ಒಂದು ಗುಂಪು. ಬರಿಗಣ್ಣಿಗೆ ಅಂಥವು ಏಳು ಕಾಣುತ್ತವೆ. ಆ ಏಳೇ ನಮ್ಮ ವಾರ: ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ಗುರುವಾರಕ್ಕೆ ಹಳ್ಳಿಯವರ ಹೆಸರು ಬೇಸ್ತವಾರ; ಬೃಹಸ್ಪತಿ ಸವೆದು ಸವೆದು ಬೇಸ್ತನಾದ.

ಮುಂಡಗೋಡದಲ್ಲಿ ಈ ವಾರ ಜೀವಂತವಾಗಿ ಓಡಾಡುತ್ತದೆ. 1966ರಿಂದ ಅಲ್ಲಿ ಟಿಬೆಟನ್ನರ ನೆಲೆಯಿದೆ. ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವುದು ಅವರಲ್ಲಿ ರೂಢಿ. ನ್ಯಿಮಾ ಎಂದರೆ ಸೂರ್ಯ, ದಾವಾ ಎಂದರೆ ಚಂದ್ರ. ಮಿಗ್ಮಾರ್ ಮಂಗಳ, ಲ್ಹಾಕ್ಪಾ ಬುಧ, ಫುರ್ಬು ಗುರು, ಪಾಸಾಂಗ್ ಶುಕ್ರ, ಪೆಂಪಾ ಶನಿ. ಕ್ಯಾಂಪಿನ ಅಂಗಡಿಯಲ್ಲಿ ಮೊಮೊ ತಿನ್ನುತ್ತ ಕೂತರೆ ಅರ್ಧ ಸೌರವ್ಯೂಹ ಎದುರಿಗೇ ಹಾದುಹೋಗುತ್ತದೆ. ಮಿಗ್ಮಾರ್ ಪದದ ಅರ್ಥ ಕೆಂಪು ಕಣ್ಣು. ನಮ್ಮಲ್ಲಿ ಅದೇ ಮಂಗಳನಿಗೆ ಅಂಗಾರಕ, ಅಂದರೆ ಕೆಂಡ. ಹಿಮಾಲಯದ ಆಚೆಗೂ ಈಚೆಗೂ ಜನ ನೋಡಿದ ಬಣ್ಣ ಒಂದೇ. ಆ ಬಣ್ಣ ಬಂದದ್ದು ಅಲ್ಲಿಯ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನಿಂದ.

ವಿಜ್ಞಾನದ ಖಾತೆಯಲ್ಲಿ ಲೆಕ್ಕ ಬೇರೆ. ತನ್ನ ಬೆಳಕನ್ನು ತಾನೇ ಹುಟ್ಟಿಸಿಕೊಳ್ಳುವುದು ನಕ್ಷತ್ರ. ಹಾಗಾಗಿ ಸೂರ್ಯ ಗ್ರಹಗಳ ಪಟ್ಟಿಯಿಂದ ಎದ್ದು ನಕ್ಷತ್ರಗಳ ಪಂಕ್ತಿಗೆ ಹೋದ. ಕಾಳಿ ನದಿಯ ದಂಡೆಯ ಕೈಗಾ ಅಣುಸ್ಥಾವರದಲ್ಲೂ ಪರಮಾಣುವಿನ ಬೀಜದಿಂದಲೇ ಶಾಖ ತೆಗೆಯುತ್ತಾರೆ, ಆದರೆ ಅಲ್ಲಿ ದೊಡ್ಡ ಬೀಜವನ್ನು ಒಡೆಯುತ್ತಾರೆ, ಅದು ವಿದಳನ. ಸೂರ್ಯನ ಒಡಲಲ್ಲಿ ನಡೆಯುವುದು ಸಣ್ಣ ಬೀಜಗಳ ಬೆಸುಗೆ, ಸಮ್ಮಿಲನ. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಅಲ್ಲಿ ಹೀಲಿಯಂ ಆಗುತ್ತದೆ. ಗ್ರಹಕ್ಕೆ ಈ ಯೋಗ್ಯತೆ ಇಲ್ಲ, ಅದು ಎರವಲು ಬೆಳಕಿನ ಆಸಾಮಿ. ಭೂಮಿ ಗ್ರಹವಾಯಿತು. ಚಂದ್ರ ಗ್ರಹವನ್ನು ಸುತ್ತುವ ಉಪಗ್ರಹನಾದ. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹಕ್ಕೆ ಮೂರು ಷರತ್ತು ಹಾಕಿತು: ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ದುಂಡಗಾಗಿರಬೇಕು, ತನ್ನ ಹಾದಿಯಲ್ಲಿ ಸರೀಕರನ್ನು ಉಳಿಸಿರಬಾರದು. ಮೂರನೆಯದರಲ್ಲಿ ಪ್ಲೂಟೊ ನಪಾಸಾಗಿ ಕುಬ್ಜಗ್ರಹವಾಯಿತು. ಗ್ರಹಗಳು ಎಂಟು ಉಳಿದವು.

ಇನ್ನು ಬೆಳ್ಳಿ. ನಸುಕಿನಲ್ಲಿ ಗದ್ದೆಗೆ ಹೊರಡುವವರು ‘ಬೆಳ್ಳಿ ಮೂಡ್ಯದ’ ಎನ್ನುತ್ತಾರೆ, ಹಳಿಯಾಳದ ಮರಾಠಿ ಮನೆಗಳಲ್ಲಿ ಅದು ಶುಕ್ರಾಚಿ ಚಾಂದಣಿ. ಚುಕ್ಕಿ ಎಂದರೂ ಚಾಂದಣಿ ಎಂದರೂ ಅದು ನಕ್ಷತ್ರವಲ್ಲ, ಶುಕ್ರಗ್ರಹ. ಈ ಹೆಸರುಗಳನ್ನು ತಿದ್ದಲು ಮಾತ್ರ ನಾನು ಹೋಗುವುದಿಲ್ಲ. ಅಷ್ಟು ಚಂದದ ಹೆಸರನ್ನು ಕೊಂದು ಯಾವ ವಿಜ್ಞಾನವೂ ಬದುಕಬೇಕಿಲ್ಲ. ನೆನಪಿಟ್ಟರೆ ಸಾಕು: ನಕ್ಷತ್ರ ಮಿಣುಕುತ್ತದೆ, ಗ್ರಹ ಸಾಮಾನ್ಯವಾಗಿ ಮಿಣುಕದೆ ದಿಟ್ಟಿಸುತ್ತದೆ.

ಹೆಸರಾಯಿತು. ಅಳತೆ ಇನ್ನೂ ಕಷ್ಟದ್ದು. ಶಾಲೆಯ ಗೋಡೆಯ ಮೇಲಿನ ಸೌರವ್ಯೂಹದ ಚಿತ್ರದಷ್ಟು ಸುಳ್ಳು ಹೇಳುವ ಚಿತ್ರ ಇನ್ನೊಂದಿಲ್ಲ. ಅಲ್ಲಿ ಎಂಟು ಗ್ರಹಗಳು ಮದುವೆ ಊಟಕ್ಕೆ ಕೂತವರಂತೆ ಮೊಣಕೈಗೆ ಮೊಣಕೈ ತಾಗಿಸಿಕೊಂಡಿರುತ್ತವೆ. ಆ ಚಿತ್ರವನ್ನು ಮನಸ್ಸಿನಿಂದ ಅಳಿಸಲು ನನಗೆ ಒಂದು ನದಿಯೇ ಬೇಕಾಯಿತು.

ಕಾಳಿ ಜೊಯಿಡಾ ತಾಲ್ಲೂಕಿನ ದಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ ಸುಮಾರು 15 ಕೋಟಿ ಕಿಲೋಮೀಟರ್. ಇದಕ್ಕೆ ಒಂದು ಖಗೋಳಮಾನ ಎಂದು ಹೆಸರು, ಸೌರವ್ಯೂಹದ ಮೊಳಕೋಲು. ನೆಪ್ಚೂನ್ ಇರುವುದು 30 ಖಗೋಳಮಾನ ದೂರದಲ್ಲಿ. ಈಗ ಒಂದು ಖಗೋಳಮಾನಕ್ಕೆ ನದಿಯ ಆರು ಕಿಲೋಮೀಟರ್ ಎಂದು ಹಿಡಿಯಿರಿ. ನೆಪ್ಚೂನ್ 180ನೆಯ ಕಿಲೋಮೀಟರಿಗೆ, ಹೆಚ್ಚುಕಡಿಮೆ ಕಾರವಾರದ ಅಳಿವೆಗೆ ಬಂದು ನಿಲ್ಲುತ್ತದೆ. ಸೂರ್ಯನನ್ನು ದಿಗ್ಗಿಯ ಕಾಡಿನಲ್ಲಿ ಕೂರಿಸೋಣ.

ಆ ಸೂರ್ಯ ಎಷ್ಟು ದೊಡ್ಡವ? ಅಡ್ಡಳತೆ 56 ಮೀಟರ್. ಇದೇ ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅಂದರೆ ಅಣೆಕಟ್ಟಿನ ಅರ್ಧಕ್ಕಿಂತ ತುಸು ಎತ್ತರದ ಬೆಂಕಿಯ ಗುಂಡು. ಅಲ್ಲಿಂದ ನದಿಗುಂಟ ಇಳಿಯುತ್ತ ಬನ್ನಿ. 2.3 ಕಿಲೋಮೀಟರಿಗೆ ಬುಧ, ಒಂದು ಗೇಣಿಗೂ ಕಡಿಮೆ ಅಗಲದ ಚೆಂಡು. 4.3ಕ್ಕೆ ಶುಕ್ರ. 6ಕ್ಕೆ ಭೂಮಿ, ಮೊಳಕ್ಕಿಂತ ಒಂದಿಷ್ಟು ಹೆಚ್ಚು, 51 ಸೆಂಟಿಮೀಟರ್. ನೀರು ಕಾಯಿಸುವ ಹಂಡೆಯಷ್ಟು ಎನ್ನಿ. ಹಿಮಾಲಯ, ಅರಬ್ಬಿ ಸಮುದ್ರ, ದಾಂಡೇಲಿಯ ಮಂಗಟ್ಟೆಗಳು, ನೀವು, ನಾನು ಎಲ್ಲ ಆ ಹಂಡೆಯ ಮೇಲೆ. ಎವರೆಸ್ಟಿನ ಎತ್ತರ ಈ ಲೆಕ್ಕದಲ್ಲಿ ಅರ್ಧ ಮಿಲಿಮೀಟರೂ ಆಗುವುದಿಲ್ಲ. ಹಂಡೆಯಿಂದ 15 ಮೀಟರ್ ಆಚೆ ಒಂದು ಚಕೋತ ಹಣ್ಣು ಹಿಡಿದು ಯಾರನ್ನಾದರೂ ನಿಲ್ಲಿಸಿ. ಅದು ಚಂದ್ರ. ಮನುಷ್ಯ ಈವರೆಗೆ ತನ್ನ ಕಾಲಲ್ಲಿ ಹೋದ ಅತಿ ದೂರದ ಊರು ಆ ಚಕೋತ.

9 ಕಿಲೋಮೀಟರಿಗೆ ಮಂಗಳ, ಭೂಮಿಯ ಅರ್ಧ. 13ರಿಂದ 20ರ ನಡುವೆ ಲಕ್ಷಾಂತರ ಕಲ್ಲುಚೂರುಗಳು ಹರಡಿಕೊಂಡಿವೆ, ಅವು ಕ್ಷುದ್ರಗ್ರಹಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು 1801ರಲ್ಲಿ ಸಿಕ್ಕ ಸೀರಿಸ್. ನಮ್ಮ ನದಿಯಲ್ಲಿ ಅದೊಂದು ಗೋಟಡಿಕೆ. (ಸೀರಿಸ್ಸಿಗೂ ಈಗ ಕುಬ್ಜಗ್ರಹದ ಪದವಿ ಸಿಕ್ಕಿದೆ.) ಸಿನಿಮಾದಲ್ಲಿ ಆಕಾಶನೌಕೆಗಳು ಈ ಕಲ್ಲುಗಳ ಸಂದಿಯಲ್ಲಿ ನುಸುಳಿ ಪಾರಾಗುತ್ತವಲ್ಲ, ಅದು ಬೊಗಳೆ. ಎಲ್ಲ ಕಲ್ಲುಗಳನ್ನು ಒಟ್ಟು ಮಾಡಿದರೂ ಆ ಚಕೋತದ ತೂಕದ ಒಂದು ಸಣ್ಣ ಪಾಲಷ್ಟೇ ಬರುತ್ತದೆ. ಕಾಡಿಗೆಲ್ಲ ಒಂದು ಹಿಡಿ ಅಡಿಕೆ ಎರಚಿದ ಹಾಗೆ.

31ಕ್ಕೆ ಗುರು: ಎರಡಂತಸ್ತಿನ ಮನೆಯಷ್ಟು ಎತ್ತರ, ಆರು ಮೀಟರಿಗೆ ತುಸು ಕಡಿಮೆ. 57ಕ್ಕೆ ಶನಿ. ಶನಿಯ ಬಳೆಗಳನ್ನು ಇಲ್ಲಿ 11 ಮೀಟರ್ ಅಗಲಕ್ಕೆ ಹರಡಬೇಕು, ಆದರೆ ಎಷ್ಟು ದಪ್ಪಕ್ಕೆ? ನಿಜದಲ್ಲಿ ಅವು ಬಹಳ ಕಡೆ ಹತ್ತಾರು ಮೀಟರಿಗಿಂತ ದಪ್ಪವಿಲ್ಲ. ದಾಂಡೇಲಿಯಲ್ಲಿ ತಯಾರಾದ ಬರೆಯುವ ಕಾಗದದ ಹಾಳೆಯೊಂದನ್ನು ತಂದು ಇದು ಆದೀತೇ ಎಂದರೆ, ಆಗದು. ಅದನ್ನು ಇನ್ನೂ ಹತ್ತಾರು ಪದರವಾಗಿ ಸೀಳಬೇಕು.

57ರಿಂದ ಮುಂದೆ ನಡಿಗೆ ಬೇಸರ ತರಿಸುತ್ತದೆ. ಯುರೇನಸ್ ಸಿಗುವುದು 115ಕ್ಕೆ. ಸಾವಿರಾರು ವರ್ಷ ನೋಡುತ್ತ ಬಂದ ಜನಕ್ಕೆ ಶನಿಯೇ ಗಡಿಕಲ್ಲಾಗಿದ್ದ. 1781ರಲ್ಲಿ ಹರ್ಷೆಲ್ ಯುರೇನಸ್ ಹಿಡಿದಾಗ ಸೌರವ್ಯೂಹ ಒಂದೇ ಏಟಿಗೆ ಇಮ್ಮಡಿಯಾಯಿತು. ನೆಪ್ಚೂನ್ ಸಿಕ್ಕದ್ದು 1846ರಲ್ಲಿ. ಅದಕ್ಕೆ ಸೂರ್ಯನನ್ನು ಒಮ್ಮೆ ಸುತ್ತಲು 165 ವರ್ಷ ಬೇಕು. ಪತ್ತೆಯಾದ ಮೇಲೆ ತನ್ನ ಮೊದಲ ವರ್ಷವನ್ನು ಅದು ಮುಗಿಸಿದ್ದು 2011ರಲ್ಲಿ.

ಯಾವ ಊರಿಗೆ ಯಾವ ಗ್ರಹ ಬಂತು ಎಂದು ಕೇಳಬೇಡಿ, ಕಾಳಿ ನೆಟ್ಟಗೆ ಹರಿಯುವ ನದಿಯಲ್ಲ. ಗ್ರಹಗಳೂ ಹೀಗೆ ಸಾಲಾಗಿ ನಿಲ್ಲುವವಲ್ಲ. ಪ್ರತಿಯೊಂದಕ್ಕೂ ಸೂರ್ಯನ ಸುತ್ತ ತನ್ನದೇ ಹಾದಿ ಇದೆ, ಅದು ಕಕ್ಷೆ. ಹಾದಿ ಪೂರ್ತಿ ದುಂಡಗಿಲ್ಲ, ತುಸು ಅಂಡಾಕಾರ. ಹಾಗಾಗಿ ಗ್ರಹ ತನ್ನ ಒಂದೊಂದು ಸುತ್ತಿನಲ್ಲೂ ಒಮ್ಮೆ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, ಅದು ಪುರರವಿ. ಒಮ್ಮೆ ಅತಿ ದೂರ ಹೋಗುತ್ತದೆ, ಅದು ಅಪರವಿ. ಪ್ಲೂಟೊ ಇದರಲ್ಲಿ ಭಾರಿ ಪೋಕರಿ. ಅಪರವಿಯಲ್ಲಿ ಅದು ಕಾರವಾರ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಸಮುದ್ರದೊಳಗೆ ಇರುತ್ತದೆ, ಪುರರವಿಯಲ್ಲಿ ಅಳಿವೆಯೊಳಗೆ ನುಗ್ಗಿ ನೆಪ್ಚೂನಿಗಿಂತ ಈಚೆ ಬರುತ್ತದೆ. 1979ರಿಂದ 1999ರವರೆಗೆ ಹಾಗೇ ಇತ್ತು. ನಾನು ಅಗಳಿಯ ಹಿಂದೆ ಕೂತಿದ್ದ ದಿನ, ನಮ್ಮ ಪಠ್ಯದಲ್ಲಿ ಕಟ್ಟಕಡೆಯದೆಂದು ಅಚ್ಚಾಗಿದ್ದ ಪ್ಲೂಟೊ ಕಟ್ಟಕಡೆಯದಾಗಿರಲಿಲ್ಲ!

ಈ ನದಿಯ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಳಕು. ಸೂರ್ಯನಿಂದ ಭೂಮಿಗೆ ಬರಲು ಬೆಳಕಿಗೆ 8 ನಿಮಿಷ 20 ಸೆಕೆಂಡ್ ಬೇಕು. ಅಷ್ಟೇ ಹೊತ್ತಿನಲ್ಲಿ ಆರು ಕಿಲೋಮೀಟರ್ ಹೋಗಬೇಕಾದರೆ ವೇಗ ಎಷ್ಟಾಯಿತು? ಗಂಟೆಗೆ 43 ಕಿಲೋಮೀಟರ್. ನಮ್ಮ ಘಟ್ಟದ ಕೆಂಪು ಬಸ್ಸಿನ ವೇಗ! ಜಗತ್ತಿನಲ್ಲಿ ಇದಕ್ಕಿಂತ ಜೋರಾಗಿ ಯಾವುದೂ ಓಡಲಾರದು ಎಂಬ ಬೆಳಕನ್ನು ಈ ನದಿಗೆ ಇಳಿಸಿದರೆ, ಅದು ದಿಗ್ಗಿಯಿಂದ ಕಾರವಾರ ಮುಟ್ಟಲು ನಾಲ್ಕು ತಾಸಿನ ಮೇಲೆ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ, ಸೂರ್ಯನ ನೆರೆಯ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ ಅದೇ ಬಸ್ಸಿನಲ್ಲಿ ನಾಲ್ಕೂಕಾಲು ವರ್ಷ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಜ್ಯೋತಿರ್ವರ್ಷ. ಹೆಸರಿನಲ್ಲಿ ವರ್ಷವಿದೆ, ಅಳೆಯುವುದು ದೂರವನ್ನು. ಜೊಯಿಡಾದಲ್ಲಿ ‘ಕಾರವಾರ ಎಷ್ಟು ದೂರ?’ ಎಂದು ಕೇಳಿದರೆ ‘ಮೂರು ತಾಸು’ ಎನ್ನುತ್ತೇವಲ್ಲ, ಹಾಗೆಯೇ. ನೆರೆಯ ನಕ್ಷತ್ರ ನಮ್ಮ ನದಿಯ ಅಳತೆಯಲ್ಲಿ 16 ಲಕ್ಷ ಕಿಲೋಮೀಟರ್ ಆಚೆ ಇದೆ. ನಿಜವಾದ ಚಂದ್ರನಿಗಿಂತ ನಾಲ್ಕು ಪಟ್ಟು ದೂರ. ನದಿ ಅಲ್ಲಿ ಕೈಚೆಲ್ಲಿತು.

ಪುರರವಿಗೆ ಮರಳೋಣ, ಅಲ್ಲೊಂದು ಗಂಟಿದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ದಾಂಡೇಲಿಯಲ್ಲಿ ಮುಂಜಾನೆ ಹೊಗೆಯಂಥ ಮಂಜು ಕವಿದು ಜನ ಕಂಬಳಿ ಬಿಡದ ಹೊತ್ತಿಗೆ. ಹಾಗಾದರೆ ಚಳಿ ಯಾಕೆ? ನಮ್ಮ ನದಿಯಲ್ಲಿ ಹತ್ತಿರಕ್ಕೂ ದೂರಕ್ಕೂ ಇರುವ ವ್ಯತ್ಯಾಸ ಬರೀ 200 ಮೀಟರ್, 5.9 ಕಿಲೋಮೀಟರಿನಿಂದ 6.1. ಇಷ್ಟರಿಂದ ಋತು ಹುಟ್ಟದು. ಋತು ಹುಟ್ಟುವುದು ಭೂಮಿ ತನ್ನ ಅಕ್ಷದಲ್ಲಿ 23.4 ಡಿಗ್ರಿ ವಾಲಿಕೊಂಡೇ ಸುತ್ತುವುದರಿಂದ. ಭೂಮಿ ಬುಗುರಿಯ ಹಾಗೆ ತನ್ನ ಸುತ್ತ ತಿರುಗುವುದು ಅಕ್ಷಭ್ರಮಣೆ, ಅದರಿಂದ ಹಗಲು ರಾತ್ರಿ. ಸೂರ್ಯನ ಸುತ್ತ ಹೋಗುವುದು ಪರಿಭ್ರಮಣೆ, ಅದರಿಂದ ವರ್ಷ. ವಾಲಿಕೆ ಇವೆರಡನ್ನೂ ಸೇರಿಸಿ ಋತುಗಳನ್ನು ನೇಯುತ್ತದೆ.

ಇದಕ್ಕೆ ಸಾಕ್ಷಿ ಬೇಕಾದರೆ ಅಂಗಳದಲ್ಲಿ ಒಂದು ಕೋಲು ನೆಡಿ. ನಮ್ಮ ನಾಲ್ಕು ತಾಲ್ಲೂಕುಗಳು ಉತ್ತರ ಅಕ್ಷಾಂಶ 15 ಡಿಗ್ರಿಯ ಅಕ್ಕಪಕ್ಕದಲ್ಲಿವೆ. ಮೇ 1, 2ರ ಹೊತ್ತಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ, ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಅದು ಶೂನ್ಯ ನೆರಳಿನ ದಿನ. ಗಡಿಯಾರ ಹನ್ನೆರಡು ಹೊಡೆದಾಗಲೇ ಓಡಿಹೋಗಿ ನೋಡಿ ಪೆಚ್ಚಾಗಬೇಡಿ. ನಮ್ಮ ಗಡಿಯಾರ ನಡೆಯುವುದು ನಮಗಿಂತ ಬಹಳ ಪೂರ್ವದ, 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ; ದಾಂಡೇಲಿಯ ನಿಜವಾದ ನಡುಹಗಲು ಆ ದಿನಗಳಲ್ಲಿ ಹನ್ನೆರಡೂವರೆಗೆ. ಆಮೇಲೆ ಕೆಲವು ದಿನ ತಾಳಿ ಮತ್ತೆ ನೋಡಿ. ಅಲ್ಲಿಯವರೆಗೆ ಉತ್ತರಕ್ಕೆ ಬೀಳುತ್ತಿದ್ದ ಮಧ್ಯಾಹ್ನದ ನೆರಳು ಈಗ ದಕ್ಷಿಣಕ್ಕೆ ಬಿದ್ದಿರುತ್ತದೆ. ದಿಲ್ಲಿಯವರಿಗೆ ಈ ಭಾಗ್ಯ ಎಂದೂ ಇಲ್ಲ, ಅಲ್ಲಿ ಸೂರ್ಯ ನೆತ್ತಿ ಮುಟ್ಟುವುದೇ ಇಲ್ಲ. ಆಗಸ್ಟ್ 11ರ ಸುಮಾರಿಗೆ ಇನ್ನೊಂದು ಶೂನ್ಯ ನೆರಳಿನ ದಿನ ಬರುತ್ತದೆ. ಜೊಯಿಡಾದ ಆಗಸ್ಟ್ ಮಳೆಯಲ್ಲಿ ಅದನ್ನು ಕಾಯುವವನಿಗೆ ಒಳ್ಳೆಯ ಕಂಬಳಿಕೊಪ್ಪೆ ಬೇಕು.

ಮಳೆ ಎಂದಾಗ ಮಳೆ ನಕ್ಷತ್ರಗಳ ಮಾತು ಬಂತು. ಮೇ ಕೊನೆಗೆ ರೋಹಿಣಿ, ಜೂನ್ 7, 8ಕ್ಕೆ ಮಿರಗ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ. ಹಳಿಯಾಳ, ಮುಂಡಗೋಡದ ಕೂರಿಗೆ ಭತ್ತದ ರೈತ ಇಂಗ್ಲಿಷ್ ತಿಂಗಳು ಮರೆತಾನು, ಮಿರಗ ಮರೆಯಲಾರ. ಒಮ್ಮೆ ಜೂನ್ ತಿಂಗಳಲ್ಲಿ ಒಬ್ಬ ಹಿರಿಯ ರೈತರು ನನ್ನನ್ನು ಕೇಳಿದರು: ‘ಸರ, ಮಿರಗ ಕೂಡೇತಿ, ಆ ಚುಕ್ಕಿ ಎಲ್ಲೈತಿ ತೋರಸ್ರಿ.’ ತೋರಿಸಲು ಆಗುವುದಿಲ್ಲ. ಮಿರಗ ಕೂಡುವುದು ಎಂದರೆ ಸೂರ್ಯ ಮೃಗಶಿರ ನಕ್ಷತ್ರದ ದಿಕ್ಕಿಗೆ ಬಂದು ಕೂರುವುದು. ಆಗ ಆ ಚುಕ್ಕಿ ಸೂರ್ಯನ ಜತೆಗೇ ಹುಟ್ಟಿ ಸೂರ್ಯನ ಜತೆಗೇ ಮುಳುಗುತ್ತದೆ, ಮೋಡವಿಲ್ಲದಿದ್ದರೂ ಕಾಣದು. ಅದನ್ನು ನೋಡಬೇಕಾದರೆ ಡಿಸೆಂಬರ್ ರಾತ್ರಿಗೆ ಬರಬೇಕು, ಮಳೆಯ ಗುರುತೇ ಇಲ್ಲದ ಕಾಲಕ್ಕೆ. ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ಕಾಣದ ಚುಕ್ಕಿ ಹಿಡದು ನಾವು ಬಿತ್ತತೀವಿ’ ಎಂದರು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಭೂಮಿ ಸುತ್ತುತ್ತಿರುವುದರಿಂದ ಸೂರ್ಯ ನಕ್ಷತ್ರಗಳ ಹಿನ್ನೆಲೆಯಲ್ಲಿ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿದಂತೆ ಕಾಣುತ್ತಾನೆ. ಅವನು ಹೀಗೆ ಸರಿಯುವ ಬೀದಿಗೆ ಕ್ರಾಂತಿವೃತ್ತ ಎಂದು ಹೆಸರು. ಅದೊಂದು ರಥಬೀದಿ ಎನ್ನಿ. ಅದರ ಗುಂಟ 27 ನಕ್ಷತ್ರಗಳ ಮನೆ, ಒಂದೊಂದರ ಮುಂದೆ ಸೂರ್ಯನ ತೇರು ಹದಿಮೂರು ಹದಿನಾಲ್ಕು ದಿನ ನಿಲ್ಲುತ್ತದೆ. ಬೀದಿಯನ್ನು 27ರ ಬದಲು 12 ಪಾಲು ಮಾಡಿದರೆ ರಾಶಿಗಳು, ಪಾಲಿನಿಂದ ಪಾಲಿಗೆ ಕಾಲಿಡುವುದೇ ಸಂಕ್ರಾಂತಿ. ಗ್ರಹಗಳೆಲ್ಲ ಹೆಚ್ಚುಕಡಿಮೆ ಇದೇ ಬೀದಿಯಲ್ಲಿ ಓಡಾಡುತ್ತವೆ, ಯಾಕೆಂದರೆ ಎಲ್ಲರ ಕಕ್ಷೆಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಶನಿಯನ್ನು ಹುಡುಕಲು ಇಡೀ ಆಕಾಶ ತಡಕಬೇಕಿಲ್ಲ, ಬೀದಿ ಹಿಡಿದು ಹೋದರಾಯಿತು.

ಚಂದ್ರ ಅದೇ ಬೀದಿಯ ನೆಂಟ, ಆದರೆ ಅವನ ಹಾದಿ ಐದು ಡಿಗ್ರಿ ಓರೆ. ನಕ್ಷತ್ರಗಳ ಲೆಕ್ಕದಲ್ಲಿ ಅವನು 27.3 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ. ನಕ್ಷತ್ರಗಳು 27 ಆದದ್ದು ಅದಕ್ಕೇ. ಅಷ್ಟರಲ್ಲಿ ಸೂರ್ಯನೂ ಮುಂದೆ ಸರಿದಿರುತ್ತಾನಲ್ಲ, ಅವನನ್ನು ಹಿಡಿಯಲು ಇನ್ನೆರಡು ದಿನ ಬೇಕು. ಹಾಗಾಗಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ. ಉಳವಿಯ ಚನ್ನಬಸವೇಶ್ವರ ಜಾತ್ರೆ ಮಾಘದ ಭಾರತ ಹುಣ್ಣಿಮೆಯ ಸುಮಾರಿಗೆ ಬರುತ್ತದೆ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜೊಯಿಡಾದ ಕಾಡು ಹಾಯುವವರಿಗೆ ಇದಕ್ಕಿಂತ ಅಗ್ಗದ ದೀಪ ಯಾವುದಿತ್ತು?

ಆ ಓರೆ ಹಾದಿ ರಥಬೀದಿಯನ್ನು ಎರಡು ಕಡೆ ದಾಟುತ್ತದೆ. ಆ ಎರಡು ಕೂಡುಗಳಿಗೆ ಖಗೋಳದಲ್ಲಿ ಪಾತಬಿಂದುಗಳು ಎನ್ನುತ್ತಾರೆ. ಪಂಚಾಂಗದಲ್ಲಿ ರಾಹು, ಕೇತು. ಅವು ಕಲ್ಲಲ್ಲ, ಮಣ್ಣಲ್ಲ, ಹಾವಲ್ಲ. ಎರಡು ಬೀದಿ ಕೂಡುವ ಜಾಗ. ಎಲ್ಲ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಹುಪಾಲು ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಮೇಲಿನಿಂದಲೋ ಕೆಳಗಿನಿಂದಲೋ ಜಾರಿಹೋಗುತ್ತಾನೆ. ಇಬ್ಬರೂ ಒಂದೇ ಹೊತ್ತಿಗೆ ಕೂಡಿಗೆ ಬಂದರೆ ಮಾತ್ರ ಮುಖಾಮುಖಿ. ಆರ್ಯಭಟ 499ರಷ್ಟು ಹಿಂದೆಯೇ ಗ್ರಹಣವೆಂದರೆ ನೆರಳು ಎಂದು ಬರೆದಿಟ್ಟ. ರಾಹು ಎಂದು ಪಂಚಾಂಗದವರು ಲೆಕ್ಕ ಹಾಕುತ್ತಿದ್ದುದು ಈ ಕೂಡನ್ನೇ, ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಮನೆಯ ಕೊಡದ ಮೇಲೆ ಕರಿಕೆ ಇಡಿಸಿದ್ದು ಲೆಕ್ಕವಲ್ಲ, ಲೆಕ್ಕಕ್ಕೆ ಅಂಟಿಕೊಂಡ ಭಯ.

ಉಲ್ಕೆ, ಧೂಮಕೇತುಗಳನ್ನು ಬೇಗ ಮುಗಿಸುತ್ತೇನೆ. ಧೂಮಕೇತು ಹಿಮ, ಧೂಳಿನ ಗಡ್ಡೆ. ಸೂರ್ಯನ ಹತ್ತಿರ ಬಂದಾಗ ಕಾವಿಗೆ ಆವಿಯಾಗಿ ಬಾಲ ಬಿಡುತ್ತದೆ. 2024ರ ಅಕ್ಟೋಬರಿನಲ್ಲಿ ಸಂಜೆಯ ಪಶ್ಚಿಮದಲ್ಲಿ ಕಂಡ ತ್ಸುಚಿನ್‌ಶಾನ್–ಅಟ್ಲಾಸ್ ಅಂಥದ್ದು. ‘ಚುಕ್ಕಿ ಉದುರಿತು’ ಎನ್ನುತ್ತೇವಲ್ಲ, ಅದು ಉಲ್ಕೆ. ಉದುರುವುದು ಚುಕ್ಕಿಯಲ್ಲ, ನಮ್ಮ ಗಾಳಿಗೆ ನುಗ್ಗಿ ಉರಿದುಹೋಗುವ, ಹೆಚ್ಚಾಗಿ ಮರಳಿನ ಹರಳಿನಷ್ಟರ ಚೂರು. ಉರಿಯದೆ ನೆಲಕ್ಕೆ ಬಿದ್ದರೆ ಉಲ್ಕಾಶಿಲೆ. ಡಿಸೆಂಬರ್ 13, 14ರ ರಾತ್ರಿ ದಾಂಡೇಲಿ ಪೇಟೆಯ ದೀಪ ಬಿಟ್ಟು ಜೊಯಿಡಾ ಕಡೆ ಬನ್ನಿ, ಮಿಥುನ ರಾಶಿಯ ದಿಕ್ಕಿನಿಂದ ಉಲ್ಕೆಗಳು ಧಾರಾಳವಾಗಿ ಸುರಿಯುತ್ತವೆ. ಅಲ್ಲೇ ನಿಂತು ಉತ್ತರಕ್ಕೆ ಕೈ ಚಾಚಿ ದಿಗಂತದ ಮೇಲೆ ಒಂದೂವರೆ ಮುಷ್ಟಿ ಎಣಿಸಿದರೆ ಧ್ರುವ ನಕ್ಷತ್ರ. ನಮ್ಮ ಅಕ್ಷಾಂಶ ಎಷ್ಟೋ ಅದರ ಎತ್ತರವೂ ಅಷ್ಟೇ, 15 ಡಿಗ್ರಿ. ಕಾಡಿನ ಮರ ಅಡ್ಡ ಬಂದರೆ ನಾನು ಜವಾಬ್ದಾರನಲ್ಲ.

2019ರ ಡಿಸೆಂಬರ್ 26ರಂದು ಹಳೆಯ ಸಾಲ ತೀರಿಸಲು ಕಾಸರಗೋಡು ಜಿಲ್ಲೆಯ ಚೆರುವತ್ತೂರಿಗೆ ಹೋದೆ. ಅಂದಿನದು ಖಗ್ರಾಸವಲ್ಲ, ಕಂಕಣ. ಚಂದ್ರನ ಕಕ್ಷೆಯೂ ಅಂಡಾಕಾರವಲ್ಲವೇ, ನಮ್ಮ ನದಿಯ ಆ ಚಕೋತ ಹಂಡೆಯಿಂದ ಒಮ್ಮೆ ಹದಿನಾಲ್ಕೂವರೆ ಮೀಟರ್ ದೂರದಲ್ಲಿದ್ದರೆ ಒಮ್ಮೆ ಹದಿನಾರರ ಮೇಲಿರುತ್ತದೆ. ಸೂರ್ಯ ಚಂದ್ರನ ಸುಮಾರು 400 ಪಟ್ಟು ಅಗಲ, 400 ಪಟ್ಟು ದೂರ. ಹಾಗಾಗಿ ನಮ್ಮ ಕಣ್ಣಿಗೆ ಇಬ್ಬರೂ ಸರಿಸಮ. ಚಕೋತ ಹತ್ತಿರವಿದ್ದ ದಿನ ಸೂರ್ಯ ಪೂರ್ತಿ ಮುಚ್ಚಿಹೋಗುತ್ತಾನೆ, ದೂರವಿದ್ದ ದಿನ ಸುತ್ತ ಅಂಚು ಉಳಿಯುತ್ತದೆ. ಜನ ಕಪ್ಪು ಕನ್ನಡಕ ಹಾಕಿ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ. ಆಮೇಲೆ ಅಭ್ಯಾಸಬಲದಿಂದ ನೆಲ ನೋಡಿದೆ. ಮರದ ಎಲೆಗಳ ಸಂದಿಯಿಂದ ಮಣ್ಣಿನ ಮೇಲೆ ನೂರಾರು ಉಂಗುರಗಳು ಬಿದ್ದಿದ್ದವು, ಒಂದರ ಮೇಲೊಂದು, ಬಳೆಗಾರನ ಮಲ್ಲಾರ ಚೆಲ್ಲಿದ ಹಾಗೆ.

ಊರಿಗೆ ಬಂದು ಮೊಬೈಲಿನಲ್ಲಿ ತೆಗೆದ ಆ ಚಿತ್ರವನ್ನು ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

‘ನಮ್ಮ ಮನ್ಯಾಗ ಬಿದ್ದಿದ್ದು ಬಳಿ ಅಲ್ಲ, ಕುಡಗೋಲು’ ಎಂದಳು. ‘ನೀ ನೋಡಿಲ್ಲ ಅಂದ್ಕೊಂಡಿದ್ದೆ.’